ಉಪ್ಪಿನ ಅಯೋಡಿನ್ನೂ ಮುಪ್ಪಿನ ಕೊರಳ ಗ್ರಂಥಿಯೂ

ನಮ್ಮ ವಾಚನಾಲಯಕ್ಕೆ ಸಂಜೆ ಐದು ಗಂಟೆಗೆ ತಪ್ಪದೆ ಬರುವ ಹಿರಿಯರೊಬ್ಬರಿದ್ದಾರೆ. ಮೂಲ ಊರು ಕುಂದಾಪುರದ ಕಡೆ. ಠಾಣೆಯ ಹೋಟೆಲೊಂದರಲ್ಲಿ ೩೮ ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಈಗ ಡೊಂಬಿವಲಿ ಪೂರ್ವದಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸು ೭೪. ಕಳೆದ ಮಳೆಗಾಲದ ಒಂದು ದಿನ ಅವರು ಪತ್ರಿಕೆಯ ಕಡೆ ಕಣ್ಣೆತ್ತಿಯೂ ನೋಡದೆ, ಕಿಸೆಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮುಂದೆ ಹರಡಿದರು. ಯಾವುದೋ ಆರೋಗ್ಯ ಶಿಬಿರದಲ್ಲಿ ಮಾಡಿಸಿದ ರಕ್ತಪರೀಕ್ಷೆಯ ವರದಿ. ಟಿ.ಎಸ್.ಎಚ್. ಎಂಬುದರ ಮುಂದೆ ೬.೨ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

“ಮಾಸ್ತರೇ, ನನಗೆ ಥೈರಾಯಿಡ್ ಅಂತೆ. ಅಯೋಡಿನ್ ಕಮ್ಮಿಯಾದರೆ ಬರುವುದಂತೆ. ಹುಟ್ಟಿದಂದಿನಿಂದ ಸಮುದ್ರದ ಮೀನು ತಿಂದವ ನಾನು. ನನಗೆ ಎಂಥ ಕಮ್ಮಿ ಮಾರಾಯ್ರೇ?”

ಪಕ್ಕದಲ್ಲಿದ್ದ ಗುಮಾಸ್ತ ಮಿತ್ರರೊಬ್ಬರು ಕಡಲಪಾಚಿಯ ಗುಳಿಗೆ ತೆಗೆದುಕೊಳ್ಳಿ ಎಂದರು. ಇನ್ನೊಬ್ಬರು ಎಲೆಕೋಸು ಬಿಟ್ಟುಬಿಡಿ ಎಂದರು. ಮತ್ತೊಬ್ಬರು, “ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ” ಎಂದು ಮುಗಿಸಿಬಿಟ್ಟರು. ಮೂರು ಸಲಹೆಗಳೂ ಪುಕ್ಕಟೆ; ಒಂದೂ ಪೂರ್ತಿ ಸರಿಯಲ್ಲ. ನಾನು ವೈದ್ಯನಲ್ಲ, ಮುನಿಸಿಪಲ್ ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿದವನು. ಔಷಧ ಹೇಳುವ ಅಧಿಕಾರ ನನಗಿಲ್ಲ. ಆದರೆ ಅಯೋಡಿನ್ನಿಗೂ ಈ ಗ್ರಂಥಿಗೂ ವಯಸ್ಸಿಗೂ ಇರುವ ಸಂಬಂಧವೇನು ಎಂಬುದನ್ನು ಬಿಡಿಸಿ ಹೇಳಬಹುದಷ್ಟೆ. ನಮ್ಮ ವಾಚಕರಲ್ಲಿ ನಿವೃತ್ತಿಯ ಅಂಚಿನಲ್ಲಿರುವವರು ಅನೇಕರು. ಊರಿನಿಂದ ತಾಯಿತಂದೆಯರನ್ನು ಕರೆತಂದು ಇಟ್ಟುಕೊಂಡವರೂ ಇದ್ದಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಕೊರಳಿನ ಮುಂಭಾಗದಲ್ಲಿ, ಗಂಟಲ ಮಣಿಗೆ ತುಸು ಕೆಳಗೆ, ಉಸಿರ್ನಾಳವನ್ನು ಅಪ್ಪಿಕೊಂಡು ಚಿಟ್ಟೆಯ ರೆಕ್ಕೆಗಳಂತೆ ಹರಡಿದ ಗ್ರಂಥಿಯೊಂದಿದೆ. ಇದೇ ಥೈರಾಯಿಡ್. ತೂಕ ಸುಮಾರು ೨೦ ಗ್ರಾಂ. ಜೊಲ್ಲಿನ ಗ್ರಂಥಿಗಿರುವಂತೆ ಇದಕ್ಕೆ ನಾಳವಿಲ್ಲ. ತನ್ನ ರಸವನ್ನು ನೇರವಾಗಿ ರಕ್ತಕ್ಕೇ ಸೇರಿಸುತ್ತದೆ. ಆ ರಸಕ್ಕೆ ಥೈರಾಕ್ಸಿನ್ ಎಂದು ಹೆಸರು. ಮೈಯ ಕಾವು, ಎದೆಬಡಿತದ ಗತಿ, ಕರುಳಿನ ಚಲನೆ, ಬುದ್ಧಿಯ ಚುರುಕು, ಇವೆಲ್ಲ ಎಷ್ಟು ವೇಗದಲ್ಲಿ ನಡೆಯಬೇಕೆಂಬುದನ್ನು ಬಹುಮಟ್ಟಿಗೆ ಗೊತ್ತುಮಾಡುವುದು ಈ ರಸವೇ. ಥೈರಾಕ್ಸಿನ್ನಿನ ಒಂದೊಂದು ಅಣುವಿನಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ. ತೂಕ ಹಿಡಿದು ನೋಡಿದರೆ ಮೂರರಲ್ಲಿ ಸುಮಾರು ಎರಡು ಪಾಲು ಅಯೋಡಿನ್ನೇ.

ಹೀಗಿದ್ದರೂ ಬೇಕಾಗುವ ಮೊತ್ತ ತೀರ ಅಲ್ಪ. ಪ್ರಾಯಕ್ಕೆ ಬಂದವರಿಗೆ ದಿನಕ್ಕೆ ೧೫೦ ಮೈಕ್ರೋಗ್ರಾಂ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯರಿಗೆ ಮಾತ್ರ ೨೫೦ ಬೇಕು. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಲೆಕ್ಕದ ಗುಮಾಸ್ತರು ಗುಣಿಸಿ ನೋಡಲಿ: ೭೦ ವರ್ಷದ ಆಯುಷ್ಯಕ್ಕೆಲ್ಲ ಸೇರಿ ೪ ಗ್ರಾಂ ಕೂಡ ಆಗುವುದಿಲ್ಲ, ಒಂದು ಚಹದ ಚಮಚೆ ತುಂಬದು. ಆದರೆ ಒಂದೇ ಸಲ ಒಂದು ಚಮಚೆ ಕೊಟ್ಟು ಜನ್ಮಕ್ಕಾಯಿತು ಎನ್ನುವಂತಿಲ್ಲ. ಗ್ರಂಥಿಯಲ್ಲಿ ಕೆಲವು ತಿಂಗಳ ದಾಸ್ತಾನು ಇರುತ್ತದೆ, ಅಷ್ಟೇ. ಮಿಕ್ಕದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ. ದಿನಗೂಲಿಯವನಿಗೆ ದಿನದಿನವೂ ಕೊಡಬೇಕಾದ ಹಾಗೆ ಇದಕ್ಕೂ ದಿನದಿನವೂ ಕೊಡಬೇಕು.

ಈಗ ಸಮುದ್ರದ ಮಾತಿಗೆ ಬರೋಣ. ಮುಲುಂಡ ಪೂರ್ವದಲ್ಲಿ ಮಿಠಾಗರ್ ರೋಡ್ ಎಂಬ ರಸ್ತೆಯಿದೆ. ಮಿಠಾಗರ ಎಂದರೆ ನಮ್ಮ ಕರಾವಳಿಯ ಮಾತಿನಲ್ಲಿ ಉಪ್ಪಿನಾಗರ. ಕಾಂಜೂರಮಾರ್ಗ, ಭಾಂಡೂಪ, ಮುಲುಂಡಗಳ ಪೂರ್ವಕ್ಕೆ ಠಾಣೆಯ ಖಾರಿಯವರೆಗೆ ಉಪ್ಪು ಬೆಳೆಯುತ್ತಿದ್ದ ನೆಲ ಅದು. ಇಂತಹ ಉಪ್ಪಿನ ನೆರೆಯಲ್ಲಿರುವವರಿಗೂ ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪನ್ನು ತಿಂದು ಬೆಳೆದವರಿಗೂ ಅಯೋಡಿನ್ನಿನ ಕೊರತೆ ಹೇಗೆ ಬಂದೀತು ಎಂಬುದು ಸಹಜವಾದ ಸಂಶಯವೇ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿದ್ದರೆ ಅಯೋಡಿನ್ ಇರುವುದು ಸುಮಾರು ೬೦ ಮೈಕ್ರೋಗ್ರಾಂ ಮಾತ್ರ. ಅಷ್ಟೂ ಉಪ್ಪಿನಲ್ಲೇ ಉಳಿಯಿತೆಂದು ಹಿಡಿದರೂ ಒಂದು ಗ್ರಾಂ ಉಪ್ಪಿಗೆ ೨ ಮೈಕ್ರೋಗ್ರಾಂ ಬರುವುದಿಲ್ಲ. ವಾಸ್ತವದಲ್ಲಿ ಅದರಲ್ಲೂ ಬಹುಪಾಲು ಹೋಗಿಬಿಡುತ್ತದೆ. ಕಡಲಿನ ಅಯೋಡಿನ್ ಉಪ್ಪಿನ ಹರಳಿಗಿಂತ ಹೆಚ್ಚಾಗಿ ಪಾಚಿಗೂ ಮೀನಿಗೂ ಸೇರುತ್ತದೆ. ಆದುದರಿಂದ ನಮ್ಮ ಹಿರಿಯರ ಮೀನಿನ ಮಾತಿನಲ್ಲಿ ಸತ್ಯವುಂಟು. ಉಪ್ಪಿನ ಮಾತಿನಲ್ಲಿ ಇಲ್ಲ. ಬಂಗುಡೆ, ಬೂತಾಯಿ ದಿನವೂ ಸಿಕ್ಕುವ ಮನೆಯ ಮಾತು ಒಂದು. ವಾರಕ್ಕೊಮ್ಮೆ ಸಂಬಳ ನೋಡಿ ಮೀನು ತರುವ ಖೋಲಿಯ ಮಾತು ಇನ್ನೊಂದು. ಸಸ್ಯಾಹಾರಿಗಳ ಮಾತು ಮತ್ತೊಂದು.

ಕರಾವಳಿಯ ದಕ್ಷಿಣ ಕನ್ನಡದಲ್ಲಿಯೂ ಶಾಲೆಯ ಮಕ್ಕಳಲ್ಲಿ ಗಳಗಂಡ ಕಂಡುಬಂದದ್ದುಂಟು. ಘಟ್ಟದ ಮೇಲೆ ಚಿಕ್ಕಮಗಳೂರು, ಕೊಡಗುಗಳಂತೂ ಗಳಗಂಡದ ಜಿಲ್ಲೆಗಳೆಂದೇ ಸಮೀಕ್ಷೆಗಳಲ್ಲಿ ಹೆಸರಾದವು. ಕಾರಣ ಮಳೆ. ನೂರಾರು ಅಂಗುಲ ಮಳೆ ಶತಮಾನಗಟ್ಟಲೆ ಸುರಿದು ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗಿದೆ. ಮಣ್ಣಿನಲ್ಲಿಲ್ಲದ್ದು ಅಕ್ಕಿಯಲ್ಲಿಲ್ಲ, ಹುಲ್ಲಿನಲ್ಲಿಲ್ಲ, ಆ ಹುಲ್ಲು ಮೇಯುವ ಹಸುವಿನ ಹಾಲಿನಲ್ಲೂ ಹೆಚ್ಚಿಲ್ಲ. ಸಾಮಗ್ರಿ ಸಿಕ್ಕದ ಗ್ರಂಥಿ, ಸಿಕ್ಕಿದಷ್ಟನ್ನು ಹಿಡಿಯುವ ಸಲುವಾಗಿ ಊದಿಕೊಳ್ಳುತ್ತದೆ. ಅದೇ ಗಳಗಂಡ. ನಮ್ಮ ಕಡೆಯ ಎಷ್ಟೋ ಅಜ್ಜಿಯರ ಕೊರಳಲ್ಲಿ ಅದನ್ನು ನಾವು ಬಾಲ್ಯದಲ್ಲಿ ನೋಡಿದ್ದೇವೆ. ರೋಗವೆಂದು ಯಾರೂ ಎಣಿಸುತ್ತಿರಲಿಲ್ಲ.

ಅಯೋಡಿನ್ ಪತ್ತೆಯಾದದ್ದು ೧೮೧೧ರಲ್ಲಿ, ಫ್ರಾನ್ಸಿನ ಕೂರ್ತ್ವಾ ಎಂಬಾತ ಕಡಲಪಾಚಿಯ ಬೂದಿಯೊಡನೆ ಕೆಲಸ ಮಾಡುತ್ತಿದ್ದಾಗ. ಉಪ್ಪಿಗೆ ಅದನ್ನು ಬೆರೆಸುವ ಕ್ರಮವನ್ನು ಸ್ವಿಟ್ಜರ್ಲೆಂಡ್ ೧೯೨೨ರಲ್ಲಿ ಆರಂಭಿಸಿತು. ನಮ್ಮ ದೇಶದಲ್ಲಿ ಇದನ್ನು ಪ್ರತ್ಯಕ್ಷ ತೋರಿಸಿಕೊಟ್ಟವರು ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು. ೧೯೫೬ರಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯಗಳಾಗಿ ಮಾಡಿ, ಎರಡಕ್ಕೆ ಅಯೋಡಿನ್ ಬೆರೆತ ಉಪ್ಪನ್ನೂ ನಡುವಣ ಒಂದಕ್ಕೆ ಬರಿಯ ಉಪ್ಪನ್ನೂ ಒದಗಿಸಿದರು. ಐದಾರು ವರ್ಷಗಳಲ್ಲಿ ಎರಡು ವಲಯಗಳ ಮಕ್ಕಳಲ್ಲಿ ಗಳಗಂಡ ಇಳಿಯಿತು; ಮೂರನೆಯದರಲ್ಲಿ ಇಳಿಯಲಿಲ್ಲ. ಬಳಿಕ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟರು. ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದಿತು. ಆದರೆ ದೇಶಕ್ಕೆಲ್ಲ ಅಯೋಡಿನ್ ಉಪ್ಪು ಎಂಬ ಕೆಲಸ ೧೯೮೦ರ ದಶಕದ ನಡುವಿನವರೆಗೂ ಕೈಗೂಡಲಿಲ್ಲ. ಬರಿಯ ಉಪ್ಪನ್ನು ತಿನ್ನುವುದಕ್ಕಾಗಿ ಮಾರುವುದನ್ನು ನಿಷೇಧಿಸಿ, ನಡುವೆ ೨೦೦೦ದಲ್ಲಿ ಆ ನಿಷೇಧವನ್ನು ತೆಗೆದು, ೨೦೦೬ರಿಂದ ಮತ್ತೆ ಜಾರಿಗೆ ತಂದರು. ಸರಕಾರದ ಕೆಲಸ ಹೀಗೆಯೇ ನಡೆಯುವುದು.

ಈ ತಾರೀಖುಗಳನ್ನು ಹೇಳುವುದಕ್ಕೆ ಕಾರಣವಿದೆ. ಇಂದು ಅರವತ್ತೈದು ದಾಟಿದ ಮಲೆನಾಡಿಗರ ಬಾಲ್ಯ, ಯೌವನಗಳೆರಡೂ ಅಯೋಡಿನ್ ಇಲ್ಲದ ಉಪ್ಪಿನಲ್ಲಿ ಕಳೆದಿವೆ. ದಶಕಗಟ್ಟಲೆ ಕೊರತೆಯಲ್ಲಿ ದುಡಿದ ಗ್ರಂಥಿಯಲ್ಲಿ ಗಂಟುಗಳು ಕಟ್ಟುತ್ತವೆ. ವಯಸ್ಸಾದಂತೆ ಇವು ಹೆಚ್ಚುತ್ತವೆ, ಬಹುತೇಕ ನಿರಪಾಯ. ಆದರೆ ಅವುಗಳಲ್ಲಿ ಕೆಲವು ಯಾರ ಮಾತನ್ನೂ ಕೇಳದೆ ತಮ್ಮಷ್ಟಕ್ಕೆ ತಾವೇ ರಸ ತಯಾರಿಸತೊಡಗುತ್ತವೆ. ಅಂತಹ ಗಂಟಿಗೆ ಒಮ್ಮೆಲೆ ಧಾರಾಳ ಅಯೋಡಿನ್ ಸಿಕ್ಕಿದರೆ ರಸ ಮಿತಿಮೀರುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ೧೯೬೬ರಲ್ಲಿ ಬ್ರೆಡ್ಡಿಗೆ ಅಯೋಡಿನ್ ಸೇರಿಸಿದ ಮೇಲೆ ಹೀಗೆಯೇ ಆಯಿತು. ಹಳೆಯ ಗಂಟುಗಳಿದ್ದ ನಡುವಯಸ್ಸಿನವರಲ್ಲೂ ಮುದುಕರಲ್ಲೂ ಅತಿಸ್ರಾವದ ರೋಗ ಕೆಲವು ವರ್ಷ ಏರಿ, ಆಮೇಲೆ ಇಳಿಯಿತು.

೧೯೯೮ರಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆ ನನಗೆ ಬಹಳ ಬೋಧಪ್ರದವೆನಿಸಿತು. ಡೆನ್ಮಾರ್ಕಿನ ಜಟ್ಲೆಂಡ್‌ನಲ್ಲಿ ಅಯೋಡಿನ್ ಕಡಿಮೆ. ಮೀನಿನ ನಾಡಾದ ಐಸ್‌ಲೆಂಡಿನಲ್ಲಿ ಬಹುಕಾಲದಿಂದ ಧಾರಾಳ. ಎರಡೂ ಕಡೆ ೬೮ ವರ್ಷದ ಆಸುಪಾಸಿನವರನ್ನು ಪರೀಕ್ಷಿಸಿದರು. ಜಟ್ಲೆಂಡ್‌ನಲ್ಲಿ ನೂರಕ್ಕೆ ಸುಮಾರು ೧೦ ಮಂದಿಯಲ್ಲಿ ಗ್ರಂಥಿ ಅತಿಯಾಗಿ ದುಡಿಯುವ ಲಕ್ಷಣವಿತ್ತು. ಐಸ್‌ಲೆಂಡಿನಲ್ಲಿ ಒಬ್ಬರಲ್ಲಿ ಮಾತ್ರ. ಗ್ರಂಥಿ ಮಂದವಾಗುವ ಲಕ್ಷಣವಾದರೋ ಜಟ್ಲೆಂಡ್‌ನಲ್ಲಿ ನೂರಕ್ಕೆ ೪ ಮಂದಿಯಲ್ಲಿದ್ದರೆ ಐಸ್‌ಲೆಂಡಿನಲ್ಲಿ ೧೮ ಮಂದಿಯಲ್ಲಿತ್ತು. ಅಂದರೆ ಜೀವಮಾನವಿಡೀ ಕಡಿಮೆ ಉಂಡವರ ಗ್ರಂಥಿ ಮುಪ್ಪಿನಲ್ಲಿ ಕೆರಳುವ ಕಡೆಗೂ, ಧಾರಾಳ ಉಂಡವರ ಗ್ರಂಥಿ ಮಂಕಾಗುವ ಕಡೆಗೂ ವಾಲುತ್ತದೆ. ನಮ್ಮ ಠಾಣೆ, ಕಲ್ಯಾಣಗಳ ಒಂದೇ ಚಾಳಿನಲ್ಲಿ ಕೊಪ್ಪದವರೂ ಮಲ್ಪೆಯವರೂ ವಿಜಯಪುರದವರೂ ಇದ್ದಾರೆ. ಒಬ್ಬರಿಗೆ ಆದದ್ದೇ ಇನ್ನೊಬ್ಬರಿಗೂ ಆಗಿದೆಯೆಂದು ಒಬ್ಬರ ಗುಳಿಗೆಯನ್ನು ಇನ್ನೊಬ್ಬರು ನುಂಗುವುದು ಎಷ್ಟು ಅವಿವೇಕವೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಆ ೬.೨ರ ಅರ್ಥ. ಟಿ.ಎಸ್.ಎಚ್. ಎಂಬುದು ಥೈರಾಯಿಡ್ ಗ್ರಂಥಿಯ ರಸವಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಗ್ರಂಥಿಯಿಂದ ಥೈರಾಯಿಡ್‌ಗೆ ಹೋಗುವ ತಾಕೀತು ಅದು. ಹೆಡ್ ಆಫೀಸು ಶಾಖೆಗೆ ಬರೆಯುವ ಪತ್ರವಿದ್ದಂತೆ. ಶಾಖೆಯ ಕೆಲಸ ನಿಧಾನವಾದರೆ ತಾಕೀತುಗಳು ಹೆಚ್ಚುತ್ತವೆ. ಶಾಖೆ ಅತಿಯಾಗಿ ಕೆಲಸ ಮಾಡಿದರೆ ಪತ್ರ ನಿಲ್ಲುತ್ತದೆ. ಸಾಮಾನ್ಯವಾಗಿ ೪ ಅಥವಾ ೪.೫ರವರೆಗೆ ಸರಿಯೆಂದು ವರದಿಗಳಲ್ಲಿ ಅಚ್ಚುಹಾಕುತ್ತಾರೆ. ಆದರೆ ಹಳೆಯ ನೌಕರನಿಗೆ ಎರಡು ತಾಕೀತು ಹೆಚ್ಚು ಹೋದರೂ ದಿನದ ಫೈಲು ದಿನವೇ ಮುಗಿಯುತ್ತಿದ್ದರೆ ಅದನ್ನು ತಪ್ಪೆನ್ನಲಾಗದು. ೧೯೮೮ರಿಂದ ೧೯೯೪ರವರೆಗೆ ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯ ಅಂಕೆಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದಾಗ, ಥೈರಾಯಿಡ್ ರೋಗವಿಲ್ಲದ ೮೦ ದಾಟಿದವರಲ್ಲಿ ಈ ಮೇಲ್ಮಿತಿ ೭.೫ರವರೆಗೂ ಹೋಗುತ್ತದೆಂದು ತಿಳಿದುಬಂತು. ದೇಹವೇ ವಯಸ್ಸಾದಂತೆ ಥೈರಾಕ್ಸಿನ್ನನ್ನು ನಿಧಾನವಾಗಿ ಖರ್ಚುಮಾಡುತ್ತದೆ; ತಯಾರಿಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ವರದಿಯ ಅಚ್ಚಿನಲ್ಲಿ ಮಾತ್ರ ಇಪ್ಪತ್ತರ ತರುಣನಿಗೂ ಎಂಬತ್ತರ ಅಜ್ಜನಿಗೂ ಸಾಮಾನ್ಯವಾಗಿ ಒಂದೇ ಗೆರೆ.

ಹಾಗಾದರೆ ಅಲ್ಪಸ್ವಲ್ಪ ಏರಿದ್ದಕ್ಕೆ ಔಷಧ ಕೊಟ್ಟರೆ ಲಾಭವುಂಟೆ? ೨೦೧೭ರಲ್ಲಿ ಯುರೋಪಿನ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ಟಿ.ಎಸ್.ಎಚ್. ತುಸು ಏರಿದ್ದು ಥೈರಾಕ್ಸಿನ್ ಸರಿಯಾಗಿದ್ದ, ೬೫ ವರ್ಷ ದಾಟಿದ ೭೩೭ ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ನಿಜವಾದ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಸುಳ್ಳು ಗುಳಿಗೆ. ಒಂದು ವರ್ಷದ ಮೇಲೆ ದಣಿವಿನಲ್ಲಾಗಲಿ ಇತರ ಲಕ್ಷಣಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಬೇಡದ ಥೈರಾಕ್ಸಿನ್ ಮುದುಕರ ಎದೆಬಡಿತವನ್ನು ಕೆಡಿಸುವುದೂ ಎಲುಬನ್ನು ಸವೆಸುವುದೂ ಉಂಟು. ಆದುದರಿಂದ ವೈದ್ಯರು ಇಂತಹ ಸಂದರ್ಭದಲ್ಲಿ ಒಂದೆರಡು ತಿಂಗಳು ಕಾದು ಪರೀಕ್ಷೆಯನ್ನು ಮತ್ತೆ ಮಾಡಿಸುತ್ತಾರೆ, ಜೊತೆಗೆ ಥೈರಾಕ್ಸಿನ್ನನ್ನೂ ಅಳೆಯಿಸುತ್ತಾರೆ. ೧೦ ದಾಟಿದರೆ, ಅಥವಾ ಥೈರಾಕ್ಸಿನ್ನೇ ಇಳಿದಿದ್ದರೆ ಮಾತು ಬೇರೆ.

ನಿಜವಾಗಿ ಗ್ರಂಥಿ ಮಂದವಾದವರೂ ನಮ್ಮಲ್ಲಿ ಕಡಿಮೆಯಿಲ್ಲ. ಮುಂಬಯಿ, ಬೆಂಗಳೂರುಗಳೂ ಸೇರಿದಂತೆ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ ಸುಮಾರು ೧೧ ಮಂದಿಗೆ ಈ ತೊಂದರೆ ಕಂಡಿತು. ಇಂದು ಪಟ್ಟಣದವರಲ್ಲಿ ಇದಕ್ಕೆ ಮುಖ್ಯ ಕಾರಣ ಅಯೋಡಿನ್ನಿನ ಕೊರತೆಯಲ್ಲ. ದೇಹದ ಕಾವಲು ಶಕ್ತಿಯೇ ತಪ್ಪು ತಿಳಿದು ತನ್ನ ಗ್ರಂಥಿಯ ಮೇಲೆ ಬೀಳುವುದು. ಇದಕ್ಕೆ ಅಯೋಡಿನ್ ಮದ್ದಲ್ಲ. ಮೇಲಿಂದ ಸುರಿದರೆ ಕೆಡುವುದೇ ಹೆಚ್ಚು. ಅಯೋಡಿನ್ ಒಮ್ಮೆಲೆ ಅತಿಯಾದರೆ ಗ್ರಂಥಿ ಕೆಲಸ ನಿಲ್ಲಿಸುತ್ತದೆಂದು ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು ೧೯೪೮ರಲ್ಲೇ ತೋರಿಸಿದರು. ಆರೋಗ್ಯವಂತ ಗ್ರಂಥಿ ಕೆಲವೇ ದಿನಗಳಲ್ಲಿ ಮತ್ತೆ ಕೆಲಸಕ್ಕೆ ಹತ್ತುತ್ತದೆ. ಈಗಾಗಲೇ ಪೆಟ್ಟುತಿಂದ ಗ್ರಂಥಿ ಏಳದೆ ಹೋಗಬಹುದು. ಕಡಲಪಾಚಿಯ ಗುಳಿಗೆಯ ಸಲಹೆ ಕೊಟ್ಟ ಮಿತ್ರರು ಇದನ್ನು ಗಮನಿಸಬೇಕು.

ಮುದುಕರಿಗೆ ಅತಿಯಾದ ಅಯೋಡಿನ್ ಅಡಿಗೆಮನೆಯಿಂದ ಬರುವುದು ಅಪರೂಪ. ಆಸ್ಪತ್ರೆಯಿಂದ ಬರುವುದೇ ಹೆಚ್ಚು. ಎದೆಬಡಿತ ತಪ್ಪುವವರಿಗೆ ಕೊಡುವ ಅಮಿಯೋಡರೋನ್ ಎಂಬ ಗುಳಿಗೆಯ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಯೋಡಿನ್. ೨೦೦ ಮಿಲಿಗ್ರಾಮಿನ ಒಂದು ಗುಳಿಗೆಯಲ್ಲಿ ಸುಮಾರು ೭೫ ಮಿಲಿಗ್ರಾಂ. ಲೆಕ್ಕ ಹಾಕಿದರೆ ಐನೂರು ದಿನದ ಪಡಿ! ದೇಹಕ್ಕೆ ಬಿಡುಗಡೆಯಾಗುವುದು ಅದರಲ್ಲಿ ಒಂದು ಪಾಲು ಮಾತ್ರವಾದರೂ ಅದೇ ದಿನದ ಪಡಿಯ ಎಷ್ಟೋ ಪಟ್ಟಾಗುತ್ತದೆ. ಹೃದಯದ ಆಂಜಿಯೋಗ್ರಫಿಗೂ ಕೆಲವು ಸಿ.ಟಿ. ಸ್ಕ್ಯಾನಿಗೂ ರಕ್ತನಾಳಕ್ಕೆ ಹಾಕುವ ದ್ರವದಲ್ಲೂ ಅಯೋಡಿನ್ ಬಹಳ. ಇವು ಪ್ರಾಣ ಉಳಿಸುವ ಸಾಧನಗಳು, ಬೇಡವೆನ್ನಬಾರದು. ಕೊರಳಲ್ಲಿ ಗಂಟಿದ್ದರೆ, ಹಿಂದೆ ಥೈರಾಯಿಡ್ ತೊಂದರೆ ಆಗಿದ್ದರೆ, ಅದನ್ನು ಮೊದಲೇ ವೈದ್ಯರಿಗೆ ಹೇಳತಕ್ಕದ್ದು. ನಾಚಿಕೆಪಟ್ಟು ಸುಮ್ಮನಿರುವವರೇ ಹೆಚ್ಚು.

ಕೆರಳಿದ ಗ್ರಂಥಿಯನ್ನು ತಣಿಸುವುದಕ್ಕೂ ಅಯೋಡಿನ್ನೇ ಉಪಯೋಗಕ್ಕೆ ಬರುವುದು ಒಂದು ವಿಚಿತ್ರ. ವಾಶಿಯಿಂದ ಖಾರಿಯ ಆಚೆ ದಡದಲ್ಲಿರುವ ಟ್ರಾಂಬೆಯಲ್ಲಿ ‘ಅಪ್ಸರಾ’ ಅಣು ಸ್ಥಾವರ ೧೯೫೬ರ ಆಗಸ್ಟ್ ೪ರಂದು ಚಾಲನೆಗೊಂಡಿತು. ಅಣು ಸ್ಥಾವರಗಳಲ್ಲಿ ತಯಾರಾಗುವ ವಸ್ತುಗಳಲ್ಲಿ ವಿಕಿರಣ ಸೂಸುವ ಅಯೋಡಿನ್-೧೩೧ ಕೂಡ ಒಂದು. ಅದನ್ನು ಕುಡಿಸಿದರೆ ಥೈರಾಯಿಡ್ ಗ್ರಂಥಿ ಸಾಮಾನ್ಯ ಅಯೋಡಿನ್ ಎಂದೇ ಹೀರಿಕೊಳ್ಳುತ್ತದೆ. ಒಳಗೆ ಹೋದ ವಿಕಿರಣ ಕೆರಳಿದ ಗಂಟನ್ನು ಸುಡುತ್ತದೆ. ಎಂಟು ದಿನಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಅಣುಶಕ್ತಿ ಇಲಾಖೆಗೆ ಸೇರಿದ ವಿಕಿರಣ ವೈದ್ಯ ಕೇಂದ್ರ ಪರೇಲಿನಲ್ಲಿ ೧೯೬೩ರಲ್ಲಿ ಆರಂಭವಾಯಿತು. ಥೈರಾಯಿಡ್ ರೋಗಗಳ ಚಿಕಿತ್ಸೆಗೆ ಅದು ಹೆಸರಾದ ಸ್ಥಳ. ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗೆ ಈ ಕ್ರಮ ಅನುಕೂಲ. ಅಣು ಎಂಬ ಮಾತು ಕೇಳಿಯೇ ಓಡಿಹೋಗಬೇಕಾಗಿಲ್ಲ.

ಇನ್ನು ಅಡಿಗೆಮನೆ. ಈಚೆಗೆ ಒಂದು ಹೊಸ ತೊಂದರೆ ಕಾಣುತ್ತಿದೆ. ರಕ್ತದೊತ್ತಡಕ್ಕೆ ಉಪ್ಪು ಕಡಿಮೆಮಾಡಿ ಎಂದು ವೈದ್ಯರು ಹೇಳುತ್ತಾರೆ. ಅದು ಸರಿಯಾದ ಮಾತು. ಅದರ ಜೊತೆಗೆ ಮನೆಯವರು, ಪ್ಯಾಕೆಟ್ಟಿನ ಉಪ್ಪು ಕೆಟ್ಟದ್ದೆಂದು ಯಾರೋ ಹೇಳಿದ್ದನ್ನು ಕೇಳಿ, ಸೈಂಧವ ಲವಣಕ್ಕೆ ಇಳಿಯುತ್ತಾರೆ. ಇಲ್ಲಿಯ ಅಂಗಡಿಗಳಲ್ಲಿ ಅದನ್ನು ಸೇಂಧಾ ನಮಕ್ ಎನ್ನುವರು. ಏಕಾದಶಿಗೆ, ಉಪವಾಸಕ್ಕೆ ಉಪಯೋಗಿಸಿದರೆ ಬಾಧಕವಿಲ್ಲ. ದಿನವೂ ಅದೇ ಆದರೆ ಉಪ್ಪಿನಿಂದ ಬರಬೇಕಾದ ಅಯೋಡಿನ್ ಬಹುಮಟ್ಟಿಗೆ ಸೊನ್ನೆ. ಗೋಣಿಚೀಲದಿಂದ ಬಿಡಿಯಾಗಿ ತೂಗಿಕೊಡುವ ಕಲ್ಲುಪ್ಪನ್ನೂ ನಂಬುವಂತಿಲ್ಲ. ಕಾಯಿದೆಯಂತೆ ಮನೆಗೆ ಬರುವ ಉಪ್ಪಿನಲ್ಲಿ ಗ್ರಾಮಿಗೆ ಕನಿಷ್ಠ ೧೫ ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ದಿನಕ್ಕೆ ೫ ಗ್ರಾಂ ಮಾತ್ರ ತಿಂದರೂ ೭೫ ಆಯಿತು. ಉಳಿದದ್ದನ್ನು ಹಾಲು, ಮೊಸರು, ಮೊಟ್ಟೆ, ಮೀನುಗಳು ಬಹುಮಟ್ಟಿಗೆ ತುಂಬಿಕೊಡುತ್ತವೆ. ಆದುದರಿಂದ ಉಪ್ಪನ್ನು ಕಡಿಮೆಮಾಡಿ, ಉಪ್ಪಿನ ಜಾತಿಯನ್ನು ಬದಲಾಯಿಸಬೇಡಿ. ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತು ಇದೆಯೇ ನೋಡಿ ಕೊಳ್ಳಿ. ೨೦೧೮-೧೯ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರಕ್ಕೆ ೭೬ ಮನೆಗಳ ಉಪ್ಪಿನಲ್ಲಿ ಮಾತ್ರ ಸಾಕಷ್ಟು ಅಯೋಡಿನ್ ಇತ್ತು.

ನಮ್ಮ ಉಪ್ಪಿಗೆ ಬೆರೆಸುವುದು ಪೊಟಾಸಿಯಂ ಅಯೋಡೇಟ್. ಒದ್ದೆ ಹವೆಯಲ್ಲೂ ತಕ್ಕಮಟ್ಟಿಗೆ ಉಳಿಯುವಂಥದ್ದು. ಆದರೂ ಜುಲೈ ತಿಂಗಳಲ್ಲಿ ಡೊಂಬಿವಲಿಯ ಮನೆಗಳ ಉಪ್ಪಿನ ಭರಣಿ ಹೇಗೆ ನೀರೊಡೆಯುತ್ತದೆಂಬುದು ಗೃಹಿಣಿಯರಿಗೆ ಗೊತ್ತು. ಭರಣಿಗೆ ಬಿಗಿಯಾದ ಮುಚ್ಚಳವಿರಲಿ, ಒಲೆಯ ಪಕ್ಕದಲ್ಲಿ ಇಡಬೇಡಿ. ಸಾರಿಗೆ ಉಪ್ಪನ್ನು ಕೊನೆಗೆ ಹಾಕಿದರೆ ಆವಿಯಾಗಿ ಹೋಗುವುದು ಕಡಿಮೆ. ಎಲೆಕೋಸಿನ ವಿಷಯ: ಅಯೋಡಿನ್ ಸಾಕಷ್ಟು ಸಿಕ್ಕುವವರು ಬೇಯಿಸಿದ ಕೋಸಿಗೆ ಹೆದರಬೇಕಾಗಿಲ್ಲ.

ನಮ್ಮ ಹಿರಿಯರು ಎರಡು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟರು. ೫.೪ ಬಂದಿತ್ತು, ಥೈರಾಕ್ಸಿನ್ ಸರಿಯಾಗಿತ್ತು. ಗುಳಿಗೆ ಬೇಡ, ವರ್ಷಕ್ಕೊಮ್ಮೆ ನೋಡೋಣ ಎಂದು ವೈದ್ಯರು ಕಳಿಸಿದರು. ಆದರೆ ಆ ವೈದ್ಯರು ಜೊತೆಗೆ ಬಂದು ಮೂಲೆಯಲ್ಲಿ ಕುಳಿತಿದ್ದ ಅವರ ಪತ್ನಿಯನ್ನು ಗಮನಿಸಿದರು. ವಯಸ್ಸು ೬೮. ಅಕ್ಟೋಬರಿನ ಸೆಕೆಯಲ್ಲೂ ಶಾಲು ಹೊದ್ದಿದ್ದರು. ಮುಖ ತುಸು ಬಾತಿತ್ತು, ಸ್ವರ ಒಡೆದಿತ್ತು. ಕೇಳಿದಾಗ ಒಂದೊಂದಾಗಿ ಹೊರಬಂತು: ಮಲಬದ್ಧತೆ, ಮರೆವು, ಮಧ್ಯಾಹ್ನವೆಲ್ಲ ನಿದ್ದೆ, ಎದ್ದರೂ ಹೋಗದ ಆಯಾಸ. ಎರಡು ವರ್ಷದಿಂದ ಹೀಗೆ. ಅತ್ತೆಗೆ ವಯಸ್ಸಾಯಿತೆಂದು ಸೊಸೆಯೂ, ಸೋಮಾರಿತನ ಬಂತೆಂದು ಗಂಡನೂ ತಿಳಿದಿದ್ದರು. ಶಿಬಿರಕ್ಕೆ ಆಕೆಯನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ಪರೀಕ್ಷೆಯಲ್ಲಿ ಟಿ.ಎಸ್.ಎಚ್. ೪೦ ದಾಟಿತ್ತು.

ಆ ಮನೆಯಲ್ಲೂ ಎರಡು ವರ್ಷದಿಂದ ಸೈಂಧವ ಲವಣವೇ. ಅದೇ ಕಾರಣವಿರಬೇಕೆಂದು ನಾನು ಎಣಿಸಿದೆ, ವೈದ್ಯರು ಅಲ್ಲವೆಂದರು. ಗ್ರಂಥಿಯ ಮೇಲೆ ದೇಹವೇ ಬಿದ್ದದ್ದರ ಗುರುತು ರಕ್ತದಲ್ಲಿ ಸಿಕ್ಕಿತ್ತಂತೆ. ಉಪ್ಪನ್ನು ಮಾತ್ರ ಮೊದಲಿನದಕ್ಕೇ ತಿರುಗಿಸಲು ಹೇಳಿದರು. ವಯಸ್ಸನ್ನೂ ಹೃದಯವನ್ನೂ ನೋಡಿ ಥೈರಾಕ್ಸಿನ್ ಗುಳಿಗೆಯನ್ನು ೨೫ ಮೈಕ್ರೋಗ್ರಾಮಿನಿಂದ ಪ್ರಾರಂಭಿಸಿ ಮೆಲ್ಲಮೆಲ್ಲನೆ ಏರಿಸಿದರು.

“ಅವಳ ಸ್ವರ ಮೊದಲಿನ ಹಾಗೆ ಆಗಿದೆ ಮಾಸ್ತರೇ” ಎಂದು ಮೊನ್ನೆ ಹಿರಿಯರು ಹೇಳಿದರು. “ಈಗ ಬೈಯುವುದೂ ಮೊದಲಿನ ಹಾಗೆಯೇ.” ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ ಕುಡಿಯುವಂತಿಲ್ಲ, ಸುಣ್ಣದ ಮತ್ತು ಕಬ್ಬಿಣದ ಗುಳಿಗೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಕಾಫಿಗಾಗಿ ಆರರವರೆಗೆ ಕಾಯಬೇಕಾದುದೇ ಆಕೆಗೆ ಈಗಿರುವ ದೊಡ್ಡ ದೂರು.